ಸೋಲ್ ಮೀನಿಗೆ ಎಣ್ಣೆ ಕಡಿಮೆ ಮಾಡಿದೆ, ಬೆಳವಣಿಗೆ ಜಾಸ್ತಿ ಆಯಿತು

"ಎಣ್ಣೆ ಕಡಿಮೆ ಮಾಡಿದ್ರೆ ಮೀನು ಬೆಳೆಯೋದು ಹೇಗೆ ಮಾರಾಯ್ರೇ?" ಸಾಕುವ ಸೋಲ್ ಮೀನಿನ ತಿನಿಸಿನಲ್ಲಿ ಎಣ್ಣೆ ಇಳಿಸುತ್ತೇನೆ ಅಂದಾಗ ತಿನಿಸು ಮಾರುವವರು ನಕ್ಕರು. ಸಾಲ್ಮನ್ ಸಾಕುವ ಗೆಳೆಯನೂ ನಕ್ಕ. ಅವನ ತಿನಿಸಿನಲ್ಲಿ ಕೊಬ್ಬು ನೂರಕ್ಕೆ 30ರ ಮೇಲೆ. ಸಾಲ್ಮನ್ ಅದನ್ನು ಉರಿಸಿಕೊಂಡು ಈಜುತ್ತದೆ, ಪ್ರೋಟೀನ್ ಮೈ ಬೆಳೆಸಲು ಉಳಿಯುತ್ತದೆ. ಸೋಲ್ ಹಾಗಲ್ಲ. ನಂಗಿನ ಬಳಗದ ಮೀನು, ದಿನವಿಡೀ ತಳಕ್ಕೆ ಅಂಟಿ ಮಲಗಿರುತ್ತದೆ.

ನಾನೂ ಎರಡು ವರ್ಷ 20ರ ಆಸುಪಾಸಿನ ಕೊಬ್ಬಿನ ತಿನಿಸನ್ನೇ ಹಾಕಿದೆ. ಮೀನು ಅರ್ಧ ತಿಂದು ಸುಮ್ನಾಗುತ್ತಿತ್ತು. ಉಳಿದದ್ದು ತಳದಲ್ಲಿ ಕೊಳೆಯುತ್ತಿತ್ತು, ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟುತ್ತಿತ್ತು. ಮರಿ ಸರಿಯಿಲ್ಲ ಅಂದುಕೊಂಡೆ, ಮರಿ ಬದಲಿಸಿದೆ. ನೀರು ಸರಿಯಿಲ್ಲ ಅಂದುಕೊಂಡೆ, ಹೊಸ ಫಿಲ್ಟರ್ ಹಾಕಿಸಿದೆ. ಆ ಫಿಲ್ಟರಿನ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೊಂದು ದಿನ ನಾಲ್ಕು ಮೀನು ಕೊಯ್ದು ನೋಡಿದೆ. ಲಿವರ್ ಕಂದು ಬಣ್ಣ ಇರಬೇಕಿತ್ತು, ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುತ್ತಿತ್ತು. ಚಾಕು ಎರಡು ಸಲ ಸೋಪು ಹಾಕಿ ತೊಳೆದರೂ ಜಿಡ್ಡು ಬಿಡಲಿಲ್ಲ.

ಆಗ ತಿನಿಸು ನಾನೇ ಮಾಡುತ್ತೇನೆ ಅಂತ ಹೊರಟೆ. ಕೊಬ್ಬನ್ನು ನೂರಕ್ಕೆ 8ಕ್ಕೆ ಇಳಿಸಬೇಕು ಅಂತ ಲೆಕ್ಕ. ನೂರು ಕಿಲೋಗೆ ಎಂಟು ಕಿಲೋ ಮೀನಿನೆಣ್ಣೆ ಸುರಿದೆ. ಎರಡು ತಿಂಗಳು ಏನೂ ಬದಲಾಗಲಿಲ್ಲ. ಲ್ಯಾಬಿಗೆ ಕಳಿಸಿದರೆ 12ರ ಮೇಲೆ ಬಂತು! ಫಿಶ್‌ಮೀಲ್‌ನಲ್ಲೇ, ಅಂದರೆ ಒಣಮೀನಿನ ಪುಡಿಯಲ್ಲೇ, ಕೊಬ್ಬು ಇರುತ್ತದೆ, ಅದನ್ನು ಸೇರಿಸಿಯೇ ಲೆಕ್ಕ ಹಾಕಬೇಕು ಅಂತ ನನ್ನಂಥ ಹಳಬನಿಗೇ ಹೊಳೆದಿರಲಿಲ್ಲ. ನಗಬೇಡಿ. ನನ್ನ ಬೆರಕೆಯಲ್ಲಿ ಅರ್ಧಕ್ಕರ್ಧ ಫಿಶ್‌ಮೀಲ್, ಅದರಿಂದಲೇ ನಾಲ್ಕೂವರೆ ಬಂದುಬಿಡುತ್ತದೆ. ಮೇಲಿಂದ ಹಾಕಬೇಕಾದ್ದು ಮೂರೂವರೆ ಕಿಲೋ ಮಾತ್ರ.

ಎಣ್ಣೆ ಇಳಿಸಿದ ಮೇಲೆ ತಿನಿಸು ಒತ್ತುವ ಮೆಷೀನು ಕೈಕೊಟ್ಟಿತು. ಜಾರಿಕೆ ಇಲ್ಲದೆ ಅಚ್ಚು ಬಿಸಿಯಾಗಿ ತೂತುಗಳು ಕಟ್ಟಿಕೊಂಡವು. ಹೊರಬಂದ ಪೆಲೆಟ್, ಅಂದರೆ ತಿನಿಸಿನ ಗುಳಿಗೆ, ಕಲ್ಲು. ಸೋಲ್ ಬಾಯಿಗೆ ಹಾಕಿಕೊಂಡು ಉಗುಳುವುದನ್ನು ಟಾರ್ಚ್ ಹಿಡಿದು ನೋಡಿದ್ದೇನೆ. ಮೆತ್ತಗೆ ಮಾಡಲು ಏನು ಬೆರೆಸಿದೆ, ವಾಸನೆಗೆ ಏನು ಹಾಕಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಒಂದು ವರ್ಷ ತಿಂದ ಗುಟ್ಟು ಅದು.

ಮೂರು ಟ್ಯಾಂಕ್, ತಲಾ ಮುನ್ನೂರು ಮೀನು, ಸುಮಾರು 30 ಗ್ರಾಂನವು. ನೀರು 20 ಡಿಗ್ರಿ. ಕೊಬ್ಬು 20, 14, 8. ಪ್ರೋಟೀನ್ ಎಲ್ಲದರಲ್ಲೂ 55ರ ಹತ್ತಿರ. ನಾಲ್ಕು ತಿಂಗಳಿಗೆ ತೂಗಿದಾಗ, ನೆನಪಿನಿಂದ ಹೇಳುತ್ತೇನೆ, 20ರದ್ದು 65 ಗ್ರಾಂ ಮುಟ್ಟಿತ್ತು, 14ರದ್ದು ಎಪ್ಪತ್ತೊಂದೋ ಎಪ್ಪತ್ತೆರಡೋ. ಎಂಟರದ್ದು 85 ದಾಟಿತ್ತು. ತಕ್ಕಡಿ ಕೆಟ್ಟಿದೆ ಅಂತ ಇನ್ನೊಂದು ತರಿಸಿ ತೂಗಿದೆ. ಅದರಲ್ಲೂ ಅಷ್ಟೇ.

ದುಡ್ಡಿನ ಮಾತು. ಎಣ್ಣೆ ತೆಗೆದ ಜಾಗಕ್ಕೆ ಬೇರೇನೋ ತುಂಬಬೇಕಲ್ಲ, ಸಣ್ಣ ಪ್ರಮಾಣದಲ್ಲಿ ಮಾಡುವ ಖರ್ಚು ಬೇರೆ. ಹಾಗಾಗಿ ಕಿಲೋಗೆ ಐದನೇ ಒಂದು ಪಾಲು ದುಬಾರಿ ಬಿತ್ತು. ಪಾಲುದಾರರು ಮುಖ ಸಿಂಡರಿಸಿದರು. ಆದರೆ ಮೊದಲು ಒಂದು ಕಿಲೋ ಮೀನಿಗೆ 1.6 ಕಿಲೋ ತಿನಿಸು ಹೋಗುತ್ತಿತ್ತು, ಈಗ 1.2. ತಿನಿಸಿನ ಖರ್ಚಿನಲ್ಲೇ ನೂರಕ್ಕೆ ಹತ್ತು ಉಳಿಯಿತು. ಬೇಗ ಮಾರಾಟಕ್ಕೆ ಬಂದದ್ದು, ಫಿಲ್ಟರ್ ತೊಳೆಯುವ ಕೆಲಸ ತಪ್ಪಿದ್ದು ಲಾಭದ ಮೇಲೆ ಲಾಭ.

ನಡುವೆ ಇನ್ನೊಂದು ಆಟ ಆಡಿದೆ. ಮೇಲಿಂದ ಹಾಕುವ ಎಣ್ಣೆಯಲ್ಲಿ ಅರ್ಧ ಅಗಸೆ ಎಣ್ಣೆ. ತೂಕ ಏನೂ ಕಮ್ಮಿ ಆಗಲಿಲ್ಲ, ಫಿಶ್‌ಮೀಲ್ ಇತ್ತಲ್ಲ. ಆದರೆ ಮಾಂಸದಲ್ಲಿ ಡಿಎಚ್‌ಎ, ಅಂದರೆ ಮೀನಿನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬು, ಇಳಿಯಿತು. ಈಗ ಮಾರುವ ಎರಡು ತಿಂಗಳು ಮುಂಚೆ ಪೂರ್ತಿ ಮೀನಿನೆಣ್ಣೆಗೆ ವಾಪಸ್ ಬರುತ್ತೇನೆ. ಮರಿಗಳ ಹತ್ತಿರ ಮಾತ್ರ ಈ ಆಟ ಬೇಡ. ಆ ವಯಸ್ಸಲ್ಲಿ ಕೊಬ್ಬಿನಾಮ್ಲಗಳ ಪ್ರಮಾಣ ಹೆಚ್ಚುಕಮ್ಮಿ ಆದರೆ ಮೈಬಣ್ಣವೇ ಕೆಡುತ್ತದೆ, ಬಿಳಿಚಿದ ಮೀನನ್ನು ಯಾರೂ ಕೊಳ್ಳುವುದಿಲ್ಲ.

ಟರ್ಬಟ್ ಅನ್ನುವ ಇನ್ನೊಂದು ಚಪ್ಪಟೆ ಮೀನು ಸಾಕುವವರು ನನ್ನ 8 ನೋಡಿ ಹೆದರಬೇಡಿ. ಅದು ಸೋಲ್‌ಗಿಂತ ಜಾಸ್ತಿ ಕೊಬ್ಬು ತಡೆದುಕೊಳ್ಳುತ್ತದೆ, 10ರಿಂದ 15ರ ಒಳಗೆ ನಡೆಯುತ್ತದೆ. ಅದರ ಮೇಲೆ ಹೋದರೆ ಅಲ್ಲೂ ಇದೇ ಕತೆ.

ಮತ್ತೆ, ಸೋಲ್ ತಿನ್ನುವುದು ಹೆಚ್ಚಾಗಿ ರಾತ್ರಿ. ಈಗ ದಿನದ ತಿನಿಸಿನ ಮುಕ್ಕಾಲು ಪಾಲು ಕತ್ತಲಾದ ಮೇಲೇ ಹಾಕುತ್ತೇನೆ, ಸ್ವಲ್ಪ ಸ್ವಲ್ಪವಾಗಿ. ನಕ್ಕ ಗೆಳೆಯ ಹೋದ ತಿಂಗಳು ಬಂದಿದ್ದ, ಹತ್ತೂವರೆಯವರೆಗೂ ಟ್ಯಾಂಕಿನ ಪಕ್ಕ ಕೂತಿದ್ದ. ಹೊರಡುವಾಗ ಒಂದು ಮುಷ್ಟಿ ಪೆಲೆಟ್ ಜೇಬಿಗೆ ಹಾಕಿಕೊಂಡ. ನೋಡಿಯೂ ನೋಡದ ಹಾಗೆ ಇದ್ದೆ.