ಗುಂಗುರು ಕೂದಲಿಗೆ ಶಾಲೆ ಆಕ್ಷೇಪಿಸಿದಾಗ: ಗೋವಾದಲ್ಲಿರುವ ಸಿದ್ದಿ ಪಾಲಕರಿಗೆ ಒಂದು ಮಾರ್ಗದರ್ಶಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಿಂದ ಕೆಲಸ ಅರಸಿ ಗೋವಾಕ್ಕೆ ಬಂದ ಸಿದ್ದಿ ಕುಟುಂಬಗಳಲ್ಲಿ, ಮಕ್ಕಳು ಹೊಸ ಶಾಲೆಗೆ ಸೇರಿದ ಕೆಲವೇ ದಿನಗಳಲ್ಲಿ ಡೈರಿಯಲ್ಲಿ ಒಂದು ರಿಮಾರ್ಕ್ ಬರುವುದುಂಟು: ‘ಕೂದಲು ನೀಟಾಗಿಲ್ಲ, ಸರಿಯಾಗಿ ಬಾಚಿ ಕಳುಹಿಸಿ.’ ತಾಯಿಯಾದವಳು ಆ ಬೆಳಿಗ್ಗೆಯೂ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬಾಚಿಯೇ ಕಳುಹಿಸಿರುತ್ತಾಳೆ. ಮುಂದಿನ ಸಲ ಹುಡುಗನಿಗೆ ಮಷಿನ್ ಹಾಕಿಸಿಕೊಂಡು ಬಾ ಎನ್ನುತ್ತಾರೆ, ಹುಡುಗಿಗೆ ಸ್ಟ್ರೇಟ್ನಿಂಗ್ ಮಾಡಿಸಬಾರದೇ ಎಂದು ಕೇಳುತ್ತಾರೆ. ಹೆಚ್ಚಿನ ಪಾಲಕರು ದೊಡ್ಡವರ ಜೊತೆ ವಾದವೇಕೆ ಎಂದು ಸುಮ್ಮನಾಗುತ್ತಾರೆ, ಇಲ್ಲವೇ ಮಗುವಿನ ತಲೆ ಬೋಳಿಸಿಬಿಡುತ್ತಾರೆ. ಈ ಎರಡೂ ಬೇಡ ಎನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಮವಸ್ತ್ರ ಮತ್ತು ಶಿಸ್ತನ್ನು ಕೇಳುವ ಅಧಿಕಾರ ಶಾಲೆಗಿದೆ. ಹುಟ್ಟಿನಿಂದ ಬಂದ ಕೂದಲಿನ ಗುಣವನ್ನು ಬದಲಿಸಿಕೊಂಡು ಬಾ ಎನ್ನುವ ಅಧಿಕಾರ ಅದಕ್ಕಿಲ್ಲ. ಇವೆರಡನ್ನೂ ಬಿಡಿಸಿ ತೋರಿಸುವುದು, ಅದನ್ನು ಬಾಯಿಮಾತಿನಲ್ಲಿ ಬಿಡದೆ ಬರಹಕ್ಕೆ ತರುವುದು ಪಾಲಕರು ಮಾಡಬೇಕಾದ ಕೆಲಸ.

ಗೋವಾದಲ್ಲಿ ಈ ಮಾತಿಗೆ ಇನ್ನೂ ಒಂದು ತೂಕವಿದೆ. ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತಂದು ಇಳಿಸಿದ್ದು ಇದೇ ಕರಾವಳಿಯಲ್ಲಿ. ಅವರಲ್ಲಿ ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡಿನಲ್ಲಿ ನೆಲೆಯೂರಿದರು. ಹಾಗಾಗಿ ಈ ಮಕ್ಕಳು ಇಲ್ಲಿಗೆ ಹೊಸಬರು ಎಂದು ಯಾರೂ ಭಾವಿಸಬೇಕಿಲ್ಲ.

ಮೊದಲು ನಿಯಮವನ್ನು ಓದಿ

ಶಾಲೆಗೆ ಹೋಗಿ ಮಾತನಾಡುವ ಮುನ್ನ ಶಾಲೆಯ ಕ್ಯಾಲೆಂಡರಿನಲ್ಲಿ ಅಥವಾ ಡೈರಿಯ ಮೊದಲ ಪುಟಗಳಲ್ಲಿ ಅಚ್ಚಾಗಿರುವ ನಿಯಮಗಳನ್ನು ತೆರೆದು, ಕೂದಲಿನ ಬಗ್ಗೆ ಏನು ಬರೆದಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಪದಶಃ ನಕಲು ಮಾಡಿಕೊಳ್ಳಿ. ಇಂಗ್ಲಿಷ್ ಓದಲು ಬಾರದಿದ್ದರೆ ಪಕ್ಕದ ಮನೆಯ ಕಾಲೇಜು ಹುಡುಗರಿಂದ ಓದಿಸಿ. ಸಾಮಾನ್ಯವಾಗಿ ಅಲ್ಲಿ ಇರುವುದು ಇಷ್ಟೇ: ಹುಡುಗಿಯರು ಕೂದಲನ್ನು ಎರಡು ಜಡೆ ಹಾಕಿ ರಿಬ್ಬನ್ ಕಟ್ಟಬೇಕು, ಹುಡುಗರ ಕೂದಲು ಕಿವಿ ಮತ್ತು ಕಾಲರನ್ನು ಮುಟ್ಟಬಾರದು, ಬಣ್ಣ ಹಚ್ಚಬಾರದು, ಕೂದಲು ಸ್ವಚ್ಛವಾಗಿರಬೇಕು. ಗುಂಗುರು ಕೂದಲು ಇರಬಾರದು ಎಂದಾಗಲಿ, ಕೂದಲು ಉಬ್ಬಿರಬಾರದು ಎಂದಾಗಲಿ ಅಲ್ಲಿ ಇರುವುದಿಲ್ಲ. ಅಂದರೆ ಮಗು ಮುರಿದ ನಿಯಮ ಯಾವುದು ಎಂದು ಕೇಳಿದರೆ ಶಿಕ್ಷಕರ ಬಳಿ ತೋರಿಸಲು ಸಾಲೊಂದೂ ಇರುವುದಿಲ್ಲ. ಇನ್ನು ಕೆಲವು ಶಾಲೆಗಳಲ್ಲಿ ‘ಅತಿಯಾದ ಶೈಲಿಗಳಿಗೆ ಅವಕಾಶವಿಲ್ಲ’ ಎಂಬಂತಹ ಸಡಿಲವಾದ ವಾಕ್ಯವಿರುತ್ತದೆ. ಸಾಲು ಸಾಲಾಗಿ ನೆತ್ತಿಗೆ ಅಂಟಿಸಿ ಹೆಣೆದ ಜಡೆಗಳನ್ನು ಶೋಕಿಯೆಂದು ಕರೆಯುವುದು ಇದೇ ವಾಕ್ಯವನ್ನು ಹಿಡಿದುಕೊಂಡು. ಅಂತಹ ಜಡೆಗಳು ಈ ಕೂದಲನ್ನು ಒಪ್ಪವಾಗಿ ಇಡುವ ಅತ್ಯಂತ ಹಳೆಯ ವಿಧಾನ ಎಂಬುದನ್ನು ಅವರಿಗೆ ಹೇಳಬೇಕಾಗುತ್ತದೆ.

ನಿಯಮದ ಪದಗಳನ್ನು ಇಷ್ಟು ಸೂಕ್ಷ್ಮವಾಗಿ ಏಕೆ ನೋಡಬೇಕು ಎಂಬುದಕ್ಕೆ ಅಮೆರಿಕದ ಅನುಭವ ಒಳ್ಳೆಯ ಪಾಠ. ಕಪ್ಪು ಜನರ ಸಹಜ ಕೂದಲಿನ ಕಾರಣಕ್ಕೆ ಶಾಲೆಯಲ್ಲೂ ಕೆಲಸದಲ್ಲೂ ತಾರತಮ್ಯ ಮಾಡಬಾರದೆಂಬ ‘ಕ್ರೌನ್ ಕಾಯ್ದೆ’ಯನ್ನು 2019ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ತಂದಿತು, ಅನಂತರ ಹಲವು ರಾಜ್ಯಗಳು ಅದೇ ದಾರಿ ಹಿಡಿದವು. ಟೆಕ್ಸಾಸ್‌ನಲ್ಲಿ ಅದು 2023ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದಿತು. ಅದೇ ವೇಳೆಗೆ ಅಲ್ಲಿನ ಬಾರ್ಬರ್ಸ್ ಹಿಲ್ ಪ್ರೌಢಶಾಲೆ, ತಲೆಯ ಮೇಲೆ ಕಟ್ಟಿಕೊಂಡಿದ್ದ ಜಟೆಗಳನ್ನು ಬಿಚ್ಚಿದರೆ ಅವು ಉದ್ದವಾಗುತ್ತವೆ ಎಂಬ ಕಾರಣಕ್ಕೆ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ತರಗತಿಯಿಂದ ತಿಂಗಳುಗಟ್ಟಲೆ ಹೊರಗಿಟ್ಟಿತು. ಕಾಯ್ದೆ ಕೂದಲಿನ ಗುಣ ಮತ್ತು ಕಟ್ಟುವ ಬಗೆಯ ಬಗ್ಗೆ ಹೇಳಿದೆಯೇ ಹೊರತು ಉದ್ದದ ಬಗ್ಗೆ ಹೇಳಿಲ್ಲ ಎಂಬ ವಾದವನ್ನು ಒಪ್ಪಿ, 2024ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಶಾಲೆಯ ಪರ ತೀರ್ಪು ಕೊಟ್ಟರು. ಕಾಯ್ದೆ ಇದ್ದೂ ಒಂದು ಪದದ ಕೊರತೆಯಿಂದ ಹುಡುಗ ಸೋತ. ಆದ್ದರಿಂದ ನಿಮ್ಮ ಶಾಲೆಯೊಂದಿಗೆ ಒಪ್ಪಂದಕ್ಕೆ ಬರುವಾಗ ಕೂದಲಿನ ಗುಣ, ಜಡೆಯ ಬಗೆ, ಉದ್ದ ಈ ಮೂರನ್ನೂ ಹೆಸರಿಸಿ ಬರೆಸಿಕೊಳ್ಳಿ.

ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಇದಕ್ಕೆ ವ್ಯತಿರಿಕ್ತವಾದುದು ನಡೆಯಿತು. 2016ರಲ್ಲಿ ಅಲ್ಲಿನ ಬಾಲಕಿಯರ ಪ್ರೌಢಶಾಲೆಯ ವಿದ್ಯಾರ್ಥಿನಿಯರು ತಮ್ಮ ಸಹಜ ಕೂದಲಿಗೆ ಹಾಕಿದ ಕಟ್ಟಳೆಗಳನ್ನು ಪ್ರತಿಭಟಿಸಿದಾಗ ಸರ್ಕಾರ ಮಧ್ಯೆ ಬಂದು, ನಿಯಮಾವಳಿಯ ಕೂದಲಿನ ಭಾಗವನ್ನು ತಡೆಹಿಡಿದು ತನಿಖೆಗೆ ಆದೇಶಿಸಿತು. ಬ್ರಿಟನ್ನಿನ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗ 2022ರ ಅಕ್ಟೋಬರಿನಲ್ಲಿ ಶಾಲೆಗಳಿಗಾಗಿಯೇ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕೂದಲನ್ನೇ ಹೆಸರಿಸುವ ಇಂತಹ ಕಾಯ್ದೆ ನಮ್ಮಲ್ಲಿ ಇಲ್ಲ. ಇರುವ ಕಾನೂನುಗಳಿಂದಲೇ ಕೆಲಸ ತೆಗೆಯಬೇಕು.

ಕೂದಲಿನ ಆರೈಕೆ

ಶಾಲೆಯ ಮುಂದೆ ನಿಲ್ಲುವಾಗ ಮಗುವಿನ ಕೂದಲು ಶುಚಿಯಾಗಿ, ಆರೋಗ್ಯವಾಗಿ ಇರುವುದು ಅರ್ಧ ಬಲ. ಈ ಕೂದಲು ಬೇರಿನಿಂದಲೇ ಸುರುಳಿಯಾಗಿ ಹುಟ್ಟುವುದರಿಂದ ನೆತ್ತಿಯಲ್ಲಿ ಸ್ರವಿಸುವ ಎಣ್ಣೆ ಎಳೆಯುದ್ದಕ್ಕೂ ಇಳಿಯುವುದಿಲ್ಲ. ತುದಿಗಳು ಬೇಗ ಒಣಗುತ್ತವೆ, ಬಾಚಿದರೆ ತುಂಡಾಗುತ್ತವೆ. ಒಣಗಿದ ಕೂದಲಿಗೆ ಎಂದೂ ಬಾಚಣಿಗೆ ಹಾಕಬೇಡಿ. ರವಿವಾರ ತಲೆ ತೊಳೆದ ಮೇಲೆ ಕಂಡೀಷನರ್ ಹಚ್ಚಿ, ತೇವ ಇರುವಾಗಲೇ ನಾಲ್ಕು ಭಾಗ ಮಾಡಿ, ಒಂದೊಂದನ್ನೂ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಬೇರಿನ ಕಡೆಗೆ ಬಿಡಿಸುತ್ತ ಬನ್ನಿ. ಒಂದು ಕೈಯಲ್ಲಿ ಬೇರಿನ ಹತ್ತಿರ ಕೂದಲನ್ನು ಹಿಡಿದುಕೊಂಡರೆ ನೆತ್ತಿ ಎಳೆಯುವುದಿಲ್ಲ, ಮಗು ಅಳುವುದೂ ಇಲ್ಲ. ಬಳಿಕ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಆರೆಂಟು ಸಣ್ಣ ಜಡೆ ಹಾಕಿ, ಅವನ್ನು ಎರಡು ಗುಂಪಾಗಿ ಸೇರಿಸಿ ಶಾಲೆಯ ರಿಬ್ಬನ್ ಕಟ್ಟಿದರೆ ನಿಯಮ ಕೇಳುವ ‘ಎರಡು ಜಡೆ’ ಆಯಿತು. ರಾತ್ರಿ ಮೆತ್ತನೆಯ ಬಟ್ಟೆ ಸುತ್ತಿ ಮಲಗಿಸಿದರೆ ಅದು ಶನಿವಾರದ ತನಕ ಕದಲದೆ ನಿಲ್ಲುತ್ತದೆ. ಮಳೆಗಾಲದಲ್ಲಿ ಜಡೆ ನೆನೆದರೆ ಬಿಚ್ಚಿ ಪೂರ್ತಿ ಒಣಗಿಸಬೇಕು, ಇಲ್ಲವಾದರೆ ನೆತ್ತಿಯಲ್ಲಿ ತುರಿಕೆ, ವಾಸನೆ ಶುರುವಾಗುತ್ತದೆ, ಶಾಲೆಗೂ ಒಂದು ನೆಪ ಸಿಕ್ಕಂತಾಗುತ್ತದೆ.

ಶಿಕ್ಷಕರು ಮೆಚ್ಚಲಿ ಎಂದು ಜಡೆಯನ್ನು ಬಿಗಿಯಾಗಿ ಎಳೆದು ಕಟ್ಟುವುದು ಸಾಮಾನ್ಯ ತಪ್ಪು. ಹಣೆಯ ಅಂಚಿನಲ್ಲಿ, ಕಣತಲೆಯಲ್ಲಿ ಸಣ್ಣ ಗುಳ್ಳೆಗಳು ಎದ್ದರೆ ಅಥವಾ ಅಲ್ಲಿನ ಕೂದಲು ತೆಳ್ಳಗಾಗುತ್ತ ಬಂದರೆ ಅದು ಎಳೆತದಿಂದ ಆಗುವ ಉದುರುವಿಕೆ. ವರ್ಷಗಟ್ಟಲೆ ಮುಂದುವರಿದರೆ ಆ ಜಾಗದಲ್ಲಿ ಕೂದಲು ಮತ್ತೆ ಹುಟ್ಟದೆ ಹೋಗಬಹುದು. ಸ್ಟ್ರೇಟ್ನಿಂಗ್ ವಿಷಯದಲ್ಲಂತೂ ನನ್ನ ಅಭಿಪ್ರಾಯ ಖಚಿತ: ಮಕ್ಕಳಿಗೆ ಬೇಡವೇ ಬೇಡ. ಕೂದಲು ನೇರಗೊಳಿಸುವ ಕೆಲವು ಕ್ರೀಮುಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತದೆ, ಅದು ನೆತ್ತಿಯನ್ನು ಸುಡಬಲ್ಲದು. ಪಾರ್ಲರುಗಳ ಕೆರಾಟಿನ್ ಚಿಕಿತ್ಸೆಗಳಲ್ಲಿ ಕೆಲವು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಶಾಲೆಯ ಒಂದು ಮಾತಿಗಾಗಿ ಮಗುವಿನ ತಲೆಯನ್ನು ಇದಕ್ಕೆ ಒಡ್ಡಬಾರದು.

ಪತ್ರ

ಮೊದಲು ತರಗತಿ ಶಿಕ್ಷಕರನ್ನು ಸಮಾಧಾನದಿಂದ ಭೇಟಿಯಾಗಿ. ಬಹಳಷ್ಟು ಶಿಕ್ಷಕರಿಗೆ ಈ ಕೂದಲಿನ ಪರಿಚಯವೇ ಇರುವುದಿಲ್ಲ, ಬಾಚದೆ ಕಳುಹಿಸುತ್ತಾರೆ ಎಂದು ನಿಜವಾಗಿಯೂ ನಂಬಿರುತ್ತಾರೆ. ಮಗುವಿನ ಜಡೆಯನ್ನು ಬಿಚ್ಚಿ ಕಟ್ಟುವುದನ್ನು ಒಮ್ಮೆ ಕಣ್ಣಾರೆ ನೋಡಿದ ಮೇಲೆ ಮನಸ್ಸು ಬದಲಿಸಿದವರನ್ನು ನಾನು ಕಂಡಿದ್ದೇನೆ. ಆ ಭೇಟಿಯಿಂದ ಆಗದಿದ್ದರೆ ಮುಖ್ಯೋಪಾಧ್ಯಾಯರಿಗೆ ಪತ್ರ ಕೊಡಿ. ಕನ್ನಡದಲ್ಲಿ ಬರೆದುಕೊಂಡು ಇಂಗ್ಲಿಷಿಗೋ ಕೊಂಕಣಿಗೋ ಮಾಡಿಸಬಹುದು. ಪತ್ರದ ಒಡಲು ಹೀಗಿರಲಿ:

‘ನನ್ನ ಮಗಳು ತಮ್ಮ ಶಾಲೆಯ ಐದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳ ಕೂದಲು ನೀಟಾಗಿಲ್ಲವೆಂದು ಡೈರಿಯಲ್ಲಿ ಬರೆಯಲಾಗಿದೆ. ಆ ಪುಟದ ಪ್ರತಿಯನ್ನು ಲಗತ್ತಿಸಿದ್ದೇನೆ. ನಾವು ಸಿದ್ದಿ ಸಮುದಾಯದವರು. ಅವಳ ಕೂದಲು ಹುಟ್ಟಿನಿಂದಲೇ ಬಿಗಿ ಗುಂಗುರಾಗಿದ್ದು, ಅದನ್ನು ಪ್ರತಿ ವಾರ ತೊಳೆದು, ಹೆಣೆದು, ರಿಬ್ಬನ್ ಕಟ್ಟಿ ಕಳುಹಿಸುತ್ತಿದ್ದೇವೆ. ಶಾಲೆಯ ನಿಯಮದ ಯಾವ ಅಂಶವನ್ನು ಇದು ಮೀರಿದೆ ಎಂಬುದನ್ನು ದಯವಿಟ್ಟು ಬರಹದಲ್ಲಿ ತಿಳಿಸಬೇಕು. ಮೀರಿಲ್ಲವಾದರೆ, ಅವಳ ಕೂದಲಿನ ಸಹಜ ಗುಣ, ಹೆಣೆಯುವ ಬಗೆ ಮತ್ತು ಉದ್ದದ ಕಾರಣಕ್ಕೆ ಅವಳನ್ನು ತರಗತಿಯಲ್ಲಾಗಲಿ ಅಸೆಂಬ್ಲಿಯಲ್ಲಾಗಲಿ ಎತ್ತಿ ಆಡಬಾರದೆಂದು ತಾವು ಶಿಕ್ಷಕರಿಗೆ ಸೂಚಿಸಬೇಕಾಗಿ ವಿನಂತಿ.’

ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಆಫೀಸಿನಲ್ಲಿ ಇನ್‌ವರ್ಡ್ ನಂಬರ್ ಮತ್ತು ಸಿಕ್ಕಾ ಹಾಕಿಸಿಕೊಂಡು ಬನ್ನಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ, ಯಾರು, ಯಾರ ಎದುರಿಗೆ, ಏನು ಅಂದರು ಎಂಬುದನ್ನು ಅವತ್ತವತ್ತೇ ಬರೆದಿಡಿ, ಮತ್ತು ಮಗು ಶಾಲೆಗೆ ಹೊರಡುವಾಗಿನ ಒಂದು ಫೋಟೊ ತೆಗೆದಿಡಿ. ಮುಂದೆ ಕೂದಲು ಕೆದರಿಕೊಂಡು ಬಂದಿತ್ತು ಎಂಬ ಮಾತು ಬಂದರೆ ಉತ್ತರ ಅದೇ ಫೋಟೊ.

ಶಾಲೆ ಕೇಳದಿದ್ದರೆ

ಸಂವಿಧಾನದ 15ನೆಯ ವಿಧಿ ಜನಾಂಗ, ಜಾತಿ, ಹುಟ್ಟಿದ ಸ್ಥಳ ಇವುಗಳ ಆಧಾರದ ಮೇಲೆ ಸರ್ಕಾರ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಕ್ಕಳಿಗೆ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎಲ್ಲರೆದುರು ಕೂದಲನ್ನು ಹೀಯಾಳಿಸುವುದನ್ನು ಇದರಡಿ ಪ್ರಶ್ನಿಸಬಹುದು. 16ನೆಯ ಕಲಮಿನಂತೆ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೆಯ ತರಗತಿ, ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ. 32ನೆಯ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ಅದು ತೀರ್ಮಾನ ಕೊಡಬೇಕು, ಅದು ಸಮಾಧಾನ ತರದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಗೋವಾದಲ್ಲಿ ನಿಮ್ಮ ತಾಲೂಕಿನ ಭಾಗ ಶಿಕ್ಷಣಾಧಿಕಾರಿಯ ಕಚೇರಿಯಿಂದ ಶುರುಮಾಡಿ, ಪ್ರತಿಯನ್ನು ಪರ್ವರಿಯ ಶಿಕ್ಷಣ ನಿರ್ದೇಶನಾಲಯಕ್ಕೆ ಕಳುಹಿಸಿ.

ಇಲ್ಲಿ ಅನೇಕರು ಎಡವುವ ಒಂದು ವಿಷಯವಿದೆ. ಗೋವಾದ ಬಹಳಷ್ಟು ಶಾಲೆಗಳನ್ನು ಚರ್ಚ್ ಸಂಸ್ಥೆಗಳು ನಡೆಸುತ್ತವೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನಿಮ್ಮ ಮಗು ಅಂತಹ ಶಾಲೆಯಲ್ಲಿದ್ದರೆ ದೂರಿನಲ್ಲಿ ಆ ಕಾಯ್ದೆಯೊಂದನ್ನೇ ನೆಚ್ಚಿಕೊಳ್ಳದೆ, 2003ರ ಗೋವಾ ಮಕ್ಕಳ ಕಾಯ್ದೆಯನ್ನು ಉಲ್ಲೇಖಿಸಿ, ಗೋವಾ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ನೇರವಾಗಿ ಬರೆಯಿರಿ. ಪುಣೆ, ಮುಂಬೈಯಲ್ಲಿರುವವರಿಗೂ ದಾರಿ ಹೆಚ್ಚುಕಡಿಮೆ ಇದೇ; ಅಲ್ಲಿ ಗೋವಾದ ಕಾಯ್ದೆ ಇರುವುದಿಲ್ಲ, ಮಹಾರಾಷ್ಟ್ರದ ಆಯೋಗಕ್ಕೆ ಬರೆಯಬೇಕು.

ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿದ್ದಾರೆ. ರಾಜ್ಯ ದಾಟಿದರೆ ಮೀಸಲಾತಿಯ ಸವಲತ್ತು ಜೊತೆಗೆ ಬರುವುದಿಲ್ಲವಾದರೂ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಹುಟ್ಟೂರಿನ ರಾಜ್ಯಕ್ಕೆ ಸೀಮಿತವಲ್ಲವೆಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2023ರಲ್ಲಿ ತೀರ್ಪು ನೀಡಿದೆ. ಗೋವಾ ಇದೇ ಹೈಕೋರ್ಟಿನ ವ್ಯಾಪ್ತಿಗೆ ಬರುತ್ತದೆ. ಪಂಗಡದ ಹೆಸರು ಹಿಡಿದು ಬಹಿರಂಗವಾಗಿ ಅವಮಾನಿಸಿದ ಪ್ರಸಂಗವಿದ್ದರೆ ಮಾತ್ರ, ವಕೀಲರನ್ನು ಕೇಳಿಯೇ, ಈ ಹೆಜ್ಜೆ ಇಡಿ. ಆದರೆ ಶಾಲೆಯಲ್ಲಿ ಯಾರಾದರೂ ಬಲವಂತದಿಂದ ಮಗುವಿನ ಕೂದಲು ಕತ್ತರಿಸಿದರೆ ಪತ್ರ ಬರೆಯುತ್ತ ಕೂರಬೇಡಿ: ಅಂದೇ ಫೋಟೊ ತೆಗೆದು, ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಪೊಲೀಸ್ ಠಾಣೆಗೆ ಹೋಗಿ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಅದು ಉಚಿತ.

ಮಗುವಿಗೆ

ಈ ಓಡಾಟದ ನಡುವೆ ಮಗುವನ್ನು ಮರೆಯಬಾರದು. ದೊಡ್ಡವರ ಮಾತುಕತೆಯಲ್ಲಿ ಮಗುವನ್ನು ಎದುರಿಗೆ ನಿಲ್ಲಿಸಿ ತಲೆ ತೋರಿಸಬೇಡಿ. ಶಿಕ್ಷಕರಿಗೆ ಜಡೆ ಬಿಚ್ಚಿ ತೋರಿಸುವುದಿದ್ದರೂ ಮಗು ಒಪ್ಪಿದರೆ ಮಾತ್ರ, ಬೇರೆ ಮಕ್ಕಳಿಲ್ಲದ ಹೊತ್ತಿನಲ್ಲಿ ತೋರಿಸಿ. ಯಾರಾದರೂ ಕೇಳದೆ ಕೂದಲು ಮುಟ್ಟಿದರೆ ‘ಮುಟ್ಟಬೇಡಿ’ ಎನ್ನಲು ಮನೆಯಲ್ಲಿಯೇ ಅಭ್ಯಾಸ ಮಾಡಿಸಿ. ಬಾಚುವಾಗ ‘ಏನು ಕೂದಲೋ ಇದು’ ಎಂದು ನಾವೇ ಗೊಣಗುವುದುಂಟು. ಶಾಲೆಯ ಮಾತಿಗಿಂತ ಮೊದಲು ಮಗುವಿನ ಕಿವಿಗೆ ಬೀಳುವುದು ಆ ಗೊಣಗಾಟ, ಅದನ್ನು ನಿಲ್ಲಿಸಿ. ಊರಿಗೆ ಹೋದಾಗ ಅಜ್ಜಿ, ಚಿಕ್ಕಮ್ಮಂದಿರಿಂದ ಜಡೆ ಹಾಕಿಸಿ. ತನ್ನಂತಹ ಕೂದಲು ಮನೆತುಂಬ ಇರುವುದನ್ನು ಮಗು ನೋಡಲಿ. 2020ರಲ್ಲಿ ಕರ್ನಾಟಕದ ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಶಾಂತಾರಾಮ ಸಿದ್ದಿಯವರು ಆ ಸದನ ಪ್ರವೇಶಿಸಿದ ಮೊದಲ ಸಿದ್ದಿ ಎಂಬುದನ್ನೂ ಹೇಳಿ, ಅವರ ಚಿತ್ರ ತೋರಿಸಿ.

ಶಾಲೆ ಒಪ್ಪಿ ಬರೆದುಕೊಟ್ಟ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಮಗು ಮುಂದಿನ ತರಗತಿಗೆ ಹೋದಾಗ, ಶಿಕ್ಷಕರು ಬದಲಾದಾಗ, ವಾರ್ಷಿಕೋತ್ಸವ ಅಥವಾ ಗ್ರೂಪ್ ಫೋಟೊದ ವೇಳೆಯಲ್ಲಿ ಇದೇ ಪ್ರಶ್ನೆ ಮತ್ತೆ ಏಳುತ್ತದೆ. ಹೊಸ ತರಗತಿ ಶಿಕ್ಷಕರಿಗೆ ಮೊದಲ ವಾರದಲ್ಲಿಯೇ ಅದರ ಜೆರಾಕ್ಸ್ ಕೊಟ್ಟು, ಡೈರಿಯಲ್ಲಿ ಸಹಿ ಮಾಡಿಸಿಕೊಳ್ಳಿ.