ಸಂಪನ್ಮೂಲ ಬರಿದಾಗಿ ಸಮಾಜ ಕುಸಿಯುತ್ತದೆ ಎಂಬ ಮಾತನ್ನು ಒರೆಗೆ ಹಚ್ಚುವ ಬಗೆ

ನೀರು, ತೈಲ, ಲೋಹಗಳು ಬರಿದಾಗಿ ಸಮಾಜವೇ ಕುಸಿಯಲಿದೆ ಎಂಬ ಬರಹ ಕೈಗೆ ಬಂದಾಗ, ಅದು ವಿಜ್ಞಾನವೋ ಕಣಿ ಹೇಳುವ ಮಾತೋ ಎಂದು ಒಂದೇ ಏಟಿಗೆ ತೀರ್ಮಾನಿಸಲು ಹೋಗಬಾರದು. ಅಂಥ ಬರಹದಲ್ಲಿ ಸಾಮಾನ್ಯವಾಗಿ ಎರಡು ಹೇಳಿಕೆಗಳು ಹೆಣೆದುಕೊಂಡಿರುತ್ತವೆ: ಸಂಪನ್ಮೂಲ ಇಂತಿಷ್ಟು ವೇಗದಲ್ಲಿ ಕರಗುತ್ತಿದೆ ಎಂಬುದು ಒಂದು, ಅದರಿಂದ ಸಮಾಜ ಉರುಳುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಅಳೆಯಬಹುದು. ಎರಡನೆಯದರಲ್ಲಿ ಬೆಲೆ, ತಂತ್ರಜ್ಞಾನ, ಆಡಳಿತ, ಜನರ ನಡವಳಿಕೆ ಎಲ್ಲವೂ ಸೇರಿಕೊಳ್ಳುವುದರಿಂದ ಅದಕ್ಕೆ ಬೇರೆಯೇ ಪುರಾವೆ ಬೇಕು. ಪೆನ್ಸಿಲ್ ಹಿಡಿದು ಇವೆರಡನ್ನು ಬಿಡಿಸಿಕೊಳ್ಳುವುದೇ ಮೊದಲ ಕೆಲಸ.

ಆಮೇಲೆ, ಕೊಟ್ಟಿರುವ ಅಂಕಿ ಯಾವುದನ್ನು ಅಳೆದದ್ದು ಎಂದು ನೋಡಬೇಕು. ಬೆಂಗಳೂರಿನವರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ. 2020ರ ಹೊತ್ತಿಗೆ ಬೆಂಗಳೂರು, ದೆಹಲಿ, ಚೆನ್ನೈ, ಹೈದರಾಬಾದ್ ಸೇರಿದಂತೆ 21 ನಗರಗಳ ಅಂತರ್ಜಲ ಮುಗಿಯಲಿದೆ ಎಂಬ ಮಾತು ನೀತಿ ಆಯೋಗದ 2018ರ ಜಲ ನಿರ್ವಹಣಾ ಸೂಚ್ಯಂಕದ ವರದಿಯಲ್ಲಿತ್ತು. 2020 ಬಂದುಹೋಯಿತು, ಬೋರ್‌ವೆಲ್‌ಗಳಲ್ಲಿ ನೀರು ಬರುತ್ತಲೇ ಇತ್ತು, ಟ್ಯಾಂಕರ್‌ಗಳು ಓಡುತ್ತಲೇ ಇದ್ದವು. ಕೇಂದ್ರ ಅಂತರ್ಜಲ ಮಂಡಳಿ ಒಂದು ಪ್ರದೇಶವನ್ನು ಅತಿಬಳಕೆಯ ವರ್ಗಕ್ಕೆ ಸೇರಿಸಿದೆ ಎಂದರೆ, ಮರುಪೂರಣದ, ಅಂದರೆ ನೆಲಕ್ಕೆ ಮತ್ತೆ ಇಂಗುವ ನೀರಿನ, ಲೆಕ್ಕದಲ್ಲಿ ವರ್ಷಕ್ಕೆ ತೆಗೆಯಬಹುದಾದದ್ದಕ್ಕಿಂತ ಹೆಚ್ಚು ನೀರನ್ನು, ಅಂದರೆ ಶೇ. 100ಕ್ಕೂ ಮೀರಿ, ಅಲ್ಲಿ ಎತ್ತಲಾಗುತ್ತಿದೆ ಎಂದರ್ಥ. ಬಂಡೆಯ ಬಿರುಕುಗಳಲ್ಲಿ ಇನ್ನೂ ಎಷ್ಟು ಉಳಿದಿದೆ ಎಂಬುದನ್ನು ಆ ಶೇಕಡಾವಾರು ಹೇಳುವುದಿಲ್ಲ. ಸಂಬಳಕ್ಕಿಂತ ಖರ್ಚು ಹೆಚ್ಚೆಂದು ತಿಳಿದ ಮಾತ್ರಕ್ಕೆ ಬ್ಯಾಂಕಿನಲ್ಲಿರುವ ಉಳಿತಾಯ ಯಾವ ತಾರೀಖಿಗೆ ಖಾಲಿಯಾಗುತ್ತದೆ ಎಂದು ಹೇಳಲಾಗದು. ಸಾಲದ್ದಕ್ಕೆ, ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದಂತೆ, ಕೊಳವೆ ಸೋರಿಕೆಯ ನೀರು ಇಂಗುವ ನಗರದ ನಡುಭಾಗದಲ್ಲಿ ಅಂತರ್ಜಲ ಮೇಲೆಯೇ ಇದ್ದು, ಹೊರವಲಯದಲ್ಲಿ ಬಹಳ ಆಳಕ್ಕೆ ಇಳಿದಿದೆ. ಹೀಗಿರುವಾಗ ಇಡೀ ನಗರಕ್ಕೆ ಒಂದೇ ಗಡುವು ಹಾಕುವುದರಲ್ಲಿ ಅರ್ಥವಿಲ್ಲ.

ಆದರೆ ಗಡುವು ಸುಳ್ಳಾಯಿತೆಂದು ಸಮಸ್ಯೆಯೇ ಸುಳ್ಳು ಎನ್ನುವುದು ಅಷ್ಟೇ ಅವಸರದ ತೀರ್ಮಾನ. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900ರಷ್ಟು ಬತ್ತಿವೆ ಎಂದು ಉಪಮುಖ್ಯಮಂತ್ರಿಯವರೇ ಹೇಳಿದ್ದರು. ಹೊರವಲಯದ ಬಡಾವಣೆಗಳು ನಿಜಕ್ಕೂ ಕಷ್ಟಪಟ್ಟವು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ ದಂಡ ಹಾಕಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಸಂಪನ್ಮೂಲ ಕುಸಿದದ್ದು ನಿಜ, ನಗರ ಕುಸಿಯಲಿಲ್ಲ; ನಡುವೆ ದಂಡವೂ ಬಂತು, ಪೈಪೂ ಬಂತು. ಕಾವೇರಿಯ ನೀರಿಗೂ ಮಿತಿಯಿದೆ ಎಂಬುದು ಬೇರೆ ಲೆಕ್ಕ.

ಮೂರನೆಯದಾಗಿ, ‘ಹೀಗೇ ನಡೆದರೆ’ ಎಂಬ ಷರತ್ತು ದಾರಿಯಲ್ಲಿ ಎಲ್ಲಿ ಕಳಚಿಬಿತ್ತು ಎಂದು ಹುಡುಕಬೇಕು. 1972ರಲ್ಲಿ ಪ್ರಕಟವಾದ ‘ದಿ ಲಿಮಿಟ್ಸ್ ಟು ಗ್ರೋತ್’ ಕೃತಿಯ ವರ್ಲ್ಡ್3 ಎಂಬ ಕಂಪ್ಯೂಟರ್ ಮಾದರಿ ಒಂದೇ ಭವಿಷ್ಯವನ್ನು ಹೇಳಲಿಲ್ಲ. ಬೇರೆಬೇರೆ ಊಹೆಗಳಿಗೆ ಬೇರೆಬೇರೆ ರೇಖೆಗಳನ್ನು ಎಳೆಯಿತು. ಕೆಲವು ರೇಖೆಗಳು 21ನೇ ಶತಮಾನದಲ್ಲಿ ಕುಸಿದವು, ಕೆಲವು ಸ್ಥಿರಗೊಂಡವು. ವಾಟ್ಸಾಪ್‌ಗೆ ಬರುವಷ್ಟರಲ್ಲಿ ಕುಸಿಯುವ ರೇಖೆಯಷ್ಟೇ ಉಳಿದಿರುತ್ತದೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕ ಗ್ರಹಾಂ ಟರ್ನರ್ ಅವರು 30 ವರ್ಷಗಳ ನಿಜವಾದ ದತ್ತಾಂಶವನ್ನು ಆ ರೇಖೆಗಳ ಪಕ್ಕ ಇಟ್ಟು ನೋಡಿ, ಅದು ಎಂದಿನಂತೆ ಮುಂದುವರಿದು ಕೊನೆಗೆ ಕುಸಿಯುವ ಸನ್ನಿವೇಶಕ್ಕೆ ಹತ್ತಿರವಿದೆ ಎಂದರು. ಇದನ್ನು ಕುಸಿತಕ್ಕೆ ಪುರಾವೆ ಎಂದು ಓದುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ: ಆ ಸನ್ನಿವೇಶದಲ್ಲಿ ಕುಸಿತ ಆರಂಭವಾಗುವುದು ಆ 30 ವರ್ಷಗಳಾದ ಮೇಲೆ, ಆದ್ದರಿಂದ ಏರುವ ಭಾಗ ಹೊಂದಿದರೆ ಇಳಿಯುವ ಭಾಗ ಸಾಬೀತಾಗುವುದಿಲ್ಲ.

ಸುಳ್ಳಾಗಬಲ್ಲ ಮಾತು ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಭೂವಿಜ್ಞಾನಿ ಎಂ. ಕಿಂಗ್ ಹಬ್ಬರ್ಟ್ ಅವರನ್ನು ನೋಡಬಹುದು. ಅಮೆರಿಕದ ತೈಲೋತ್ಪಾದನೆ 1965 ಮತ್ತು 1970ರ ನಡುವೆ ಶಿಖರ ಮುಟ್ಟುತ್ತದೆ ಎಂದು ಅವರು 1956ರಲ್ಲೇ ಹೇಳಿದರು. 1970ರಲ್ಲಿ ಹಾಗೆಯೇ ಆಯಿತು. ಶೇಲ್ ಎಂಬ ಬಂಡೆಯಿಂದ ತೆಗೆಯುವ ತೈಲ ಬಂದ ಮೇಲೆ, 2018ರ ವೇಳೆಗೆ, ಉತ್ಪಾದನೆ ಆ ಶಿಖರವನ್ನೂ ದಾಟಿತು. ಸರಿಯಾದದ್ದೂ ತಪ್ಪಿದ್ದೂ ಎರಡೂ ನಮಗೆ ಗೊತ್ತಾದದ್ದು ಅವರು ವಸ್ತು, ಪ್ರದೇಶ, ಕಾಲ ಮೂರನ್ನೂ ಹೆಸರಿಸಿ ಹೇಳಿದ್ದರಿಂದ. ‘ಮುಂದೊಂದು ದಿನ’ ಎನ್ನುವ ಬರಹಕ್ಕೆ ಆ ಅಪಾಯವೇ ಇಲ್ಲ.

ಇನ್ನು, ಎಚ್ಚರಿಕೆ ಕೇಳಿ ಜನ ತಿದ್ದಿಕೊಂಡಿದ್ದರಿಂದಲೇ ಅನಾಹುತ ತಪ್ಪಿತು ಎಂಬ ವಾದವನ್ನು ಕೂಡಲೇ ತಳ್ಳಿಹಾಕುವಂತಿಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2018ರ ‘ಡೇ ಝೀರೋ’, ಅಂದರೆ ನಲ್ಲಿಗಳನ್ನು ಮುಚ್ಚುವ ದಿನ, ಮುಂದೆ ಹೋಗುತ್ತಾ ಕೊನೆಗೆ ಬರಲೇ ಇಲ್ಲ. ಜನ ನೀರಿನ ಬಳಕೆಯನ್ನು ಬಹಳವಾಗಿ ಇಳಿಸಿದರು, ಮಳೆಯೂ ಬಂತು. ಆದರೆ ಅಲ್ಲಿ ಅಣೆಕಟ್ಟುಗಳ ಮಟ್ಟ ಶೇ. 13.5ಕ್ಕೆ ಇಳಿದರೆ ನಲ್ಲಿ ಬಂದ್ ಎಂಬ ಷರತ್ತನ್ನು ಮೊದಲೇ ಹೇಳಲಾಗಿತ್ತು. ಹಾಗೆ ಮೊದಲೇ ಬರೆದಿಟ್ಟ ಷರತ್ತು ಇದ್ದರೆ ವಾದವನ್ನು ಪರಿಗಣಿಸಿ. ಗಡುವು ದಾಟಿದ ಮೇಲೆ ಹೊಲಿದು ಸೇರಿಸಿದ್ದಾದರೆ, ಬರಹದಲ್ಲಿರುವ ಅಳತೆಗಳನ್ನು ಇಟ್ಟುಕೊಂಡು ತಾರೀಖನ್ನು ಬಿಟ್ಟುಬಿಡಿ.