ಐಜಿಎಚ್ ಲೋಕಸ್ ಓದುವುದು ಹೇಗೆ: ರಕ್ತದ ಟ್ಯೂಬಿನಿಂದ ಹ್ಯಾಪ್ಲೋಟೈಪ್‌ವರೆಗೆ

ಪ್ರತಿಕಾಯದ ಹೆವಿ ಚೈನ್ ಜೀನ್‌ಗಳಿರುವ ಜಾಗವೇ ಐಜಿಎಚ್ ಲೋಕಸ್. ಅಲ್ಲಿ ಒಂದೊಂದು ಕ್ರೋಮೋಸೋಮಿನಲ್ಲಿ ಯಾವ ಯಾವ ಅಲೀಲ್‌ಗಳು (ಒಂದೇ ಜೀನಿನ ಬೇರೆ ಬೇರೆ ರೂಪಗಳು) ಒಟ್ಟಿಗಿವೆ ಎಂಬುದು ಹ್ಯಾಪ್ಲೋಟೈಪ್. ಈ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಬಳಸಬೇಕು ಎಂದು. ನಾನು ಮೊದಲು ಕೇಳುವುದು ಡಿಎನ್‌ಎ ಯಾವ ಕೋಶದ್ದು ಎಂದು. ಬಿ ಕೋಶ (ಪ್ರತಿಕಾಯ ತಯಾರಿಸುವ ಬಿಳಿ ಕಣ) ತನ್ನ ಪ್ರತಿಕಾಯ ಕಟ್ಟಿಕೊಳ್ಳುವಾಗ ಈ ಜಾಗದ ವಿ, ಡಿ, ಜೆ ಎಂಬ ಮೂರು ಬಗೆಯ ಜೀನ್‌ಗಳಲ್ಲಿ ಒಂದೊಂದನ್ನು ಆರಿಸಿ ಜೋಡಿಸಿ, ನಡುವಿನ ಡಿಎನ್‌ಎಯನ್ನೇ ಕತ್ತರಿಸಿ ಎಸೆಯುತ್ತದೆ. ಹಾಗೆ ಎಸೆದ ತುಂಡನ್ನು ಆಮೇಲೆ ಯಾವ ಸಾಫ್ಟ್‌ವೇರೂ ಹುಡುಕಿ ಕೊಡುವುದಿಲ್ಲ.

ಎಪ್‌ಸ್ಟೈನ್-ಬಾರ್ ವೈರಸ್ ಹಾಕಿ ಬೆಳೆಸಿದ ಎಲ್‌ಸಿಎಲ್ ಕೋಶಗಳು ಬಿ ಕೋಶಗಳೇ. ಅವುಗಳ ಡಿಎನ್‌ಎಯಲ್ಲಿ ಆಯ್ಕೆಯಾದ ವಿ ಜೀನ್‌ಗೂ ಜೆ ಜೀನ್‌ಗೂ ನಡುವೆ, ಆಯ್ಕೆಯಾದ ಡಿ ಬಿಟ್ಟು, ಇದ್ದದ್ದೆಲ್ಲ ಹೋಗಿರುತ್ತದೆ. ದೂರದ ವಿ ಜೀನ್‌ಗಳಿಂದ ಡಿ ಕಡೆಗೆ ಬರುತ್ತಾ ರೀಡ್ ಡೆಪ್ತ್ (ಯಂತ್ರ ಓದಿಕೊಟ್ಟ ತುಂಡುಗಳು, ಅಂದರೆ ರೀಡ್‌ಗಳು, ಒಂದು ಜಾಗವನ್ನು ಎಷ್ಟು ಸಲ ಮುಚ್ಚುತ್ತವೆ ಎಂಬ ಲೆಕ್ಕ) ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಅದು ಇದರದೇ ಗುರುತು. ಅಲ್ಲಿ ಕಾಣುವ 'ಡಿಲೀಷನ್' ಆ ಮನುಷ್ಯನ ತಂದೆ ತಾಯಿಯಿಂದ ಬಂದದ್ದಲ್ಲ, ಫ್ಲಾಸ್ಕಿನಲ್ಲಿದ್ದ ಕೋಶದ್ದು. ಹಲವು ದೇಶಗಳ ಜನರ ಜೀನೋಮ್ ಓದಿದ 1000 ಜೀನೋಮ್ಸ್ ಯೋಜನೆಯ ಡಿಎನ್‌ಎ ಬಹುಪಾಲು ಇಂಥ ಕೋಶಗಳಿಂದ ಬಂದದ್ದು. ಅದರ ದಕ್ಷಿಣ ಏಷ್ಯಾದ ಐದು ಗುಂಪುಗಳು ಗುಜರಾತಿ, ಪಂಜಾಬಿ, ಬಂಗಾಳಿ, ಶ್ರೀಲಂಕಾ ತಮಿಳು ಮತ್ತು ತೆಲುಗು, ಕನ್ನಡಿಗರದು ಇಲ್ಲ. ಆ ದತ್ತಾಂಶದಿಂದ ನಮ್ಮ ಕಡೆಯವರ ಐಜಿಎಚ್ ಬಗ್ಗೆ ಏನನ್ನಾದರೂ ಹೇಳಹೊರಟವರು ಇವೆರಡನ್ನೂ ನೆನಪಿಡಬೇಕು.

ಹಾಗಾಗಿ ನಾನು ತೆಗೆದುಕೊಳ್ಳುವುದು ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬಿನಲ್ಲಿ 10 ಮಿಲಿ ರಕ್ತ. 3 ಮಿಲಿ ಹಾಗೇ ಡಿಎನ್‌ಎಗೆ, ಉಳಿದದ್ದು ಅದೇ ದಿನ ಫೈಕಾಲ್ (ಕೋಶಗಳನ್ನು ಸಾಂದ್ರತೆಯಿಂದ ಬೇರ್ಪಡಿಸುವ ದ್ರವ) ಮೇಲೆ ಹಾಕಿ ಪಿಬಿಎಂಸಿ (ಲಿಂಫೋಸೈಟ್, ಮಾನೋಸೈಟ್‌ಗಳು) ತೆಗೆದು ಆರ್‌ಎನ್‌ಎಗೆ. ಇಡೀ ರಕ್ತದ ಬಿಳಿ ಕಣಗಳಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್. ಬಿ ಕೋಶಗಳು ನೂರಕ್ಕೆ ನಾಲ್ಕೈದು ಇದ್ದರೆ ಹೆಚ್ಚು, ಆದ್ದರಿಂದ ಲೋಕಸ್ ಇಡಿಯಾಗಿಯೇ ಸಿಗುತ್ತದೆ. ಪಿಬಿಎಂಸಿಯಿಂದಲೇ ಎರಡನ್ನೂ ತೆಗೆದುಬಿಡೋಣ ಎಂದು ಉಳಿತಾಯ ಮಾಡಬೇಡಿ. ಅಲ್ಲಿ ನ್ಯೂಟ್ರೋಫಿಲ್ ಹೋಗಿ ಬಿ ಕೋಶದ ಪಾಲು ಏರಿರುತ್ತದೆ.

ಇನ್ನು ನಕ್ಷೆ. ಐಜಿಎಚ್ ಇರುವುದು 14ನೇ ಕ್ರೋಮೋಸೋಮಿನ ಉದ್ದ ತೋಳಿನ ತುದಿಯಲ್ಲಿ, 14ಕ್ಯೂ32.33ರಲ್ಲಿ. ಸುಮಾರು 12.5 ಲಕ್ಷ ಬೇಸ್ ಉದ್ದ. ಟೆಲೋಮಿಯರ್ ಕಡೆಯಿಂದ ಮೊದಲು ವಿ ಜೀನ್‌ಗಳು: 120ಕ್ಕೂ ಹೆಚ್ಚು, ಆದರೆ ಒಂದು ಹ್ಯಾಪ್ಲೋಟೈಪಿನಲ್ಲಿ ಕೆಲಸ ಮಾಡುವವು 38ರಿಂದ 46 ಮಾತ್ರ, ಉಳಿದವುಗಳಲ್ಲಿ ಹೆಚ್ಚಿನವು ಸೂಡೋಜೀನ್ (ಕೆಲಸ ಕಳೆದುಕೊಂಡ ಜೀನ್). ಆಮೇಲೆ 27 ಡಿ, ಕೆಲಸ ಮಾಡುವ 6 ಜೆ, ಕೊನೆಗೆ ಸ್ಥಿರ ಭಾಗದ ಜೀನ್‌ಗಳು: ಮ್ಯೂ, ಡೆಲ್ಟಾ, ಗ್ಯಾಮಾ3, ಗ್ಯಾಮಾ1, ಸೂಡೋ ಎಪ್ಸಿಲಾನ್, ಆಲ್ಫಾ1, ಸೂಡೋ ಗ್ಯಾಮಾ, ಗ್ಯಾಮಾ2, ಗ್ಯಾಮಾ4, ಎಪ್ಸಿಲಾನ್, ಆಲ್ಫಾ2. ಈ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿ. ಗ್ಯಾಮಾ-ಗ್ಯಾಮಾ-ಎಪ್ಸಿಲಾನ್-ಆಲ್ಫಾ ಎಂಬ ಗುಂಪು ಎರಡು ಸಲ ಬಂದದ್ದು ಕಿವಿಗೇ ಗೊತ್ತಾಗುತ್ತದೆ. ಹಳೆಯ ಕಾಲದ ಒಂದು ದ್ವಿಗುಣದ ಗುರುತು ಅದು. 150 ಬೇಸಿನ ರೀಡ್‌ಗಳು ಗ್ಯಾಮಾ ಜೀನ್‌ಗಳ ನಡುವೆ ದಾರಿ ತಪ್ಪುವುದೂ ಇದರಿಂದಲೇ.

ಮಾನವ ಜೀನೋಮಿನ ರೆಫರೆನ್ಸ್ ಆದ ಜಿಆರ್‌ಸಿಎಚ್38ರಲ್ಲಿ ಈ ಲೋಕಸ್ ಮೈನಸ್ ಸ್ಟ್ರಾಂಡಿನಲ್ಲಿದೆ. ಫೈಲನ್ನು ಎಡದಿಂದ ಬಲಕ್ಕೆ ನೋಡುತ್ತಾ ಹೋದರೆ 10.56 ಕೋಟಿಯ ಬೇಸಿನ ಆಸುಪಾಸಿನಲ್ಲಿ ಮೊದಲು ಸಿಗುವುದು ಆಲ್ಫಾ2, ಕೊನೆಗೆ 10.69 ಕೋಟಿಯ ಹತ್ತಿರ ವಿ ಜೀನ್‌ಗಳು. ತಿರುಗಿಸದೆ ಕತ್ತರಿಸಿದ ವಿ ಸೀಕ್ವೆನ್ಸಿನಲ್ಲಿ ಎಲ್ಲೆಂದರಲ್ಲಿ ಸ್ಟಾಪ್ ಕೋಡಾನ್ ಕಾಣುತ್ತದೆ, ಅದನ್ನು ನೋಡಿ ಸೂಡೋಜೀನ್ ಎಂದು ಬರೆದುಬಿಡುವವರಿದ್ದಾರೆ.

ಹೆಸರಿನಲ್ಲೇ ವಿಳಾಸ ಇದೆ. ಐಜಿಎಚ್‌ವಿ3-23 ಎಂದರೆ 3ನೇ ಕುಟುಂಬ, ಡಿ ಕಡೆಯಿಂದ ಎಣಿಸಿದರೆ 23ನೇ ಜಾಗ. 6-1 ಎಲ್ಲಕ್ಕಿಂತ ಡಿಗೆ ಹತ್ತಿರ. ಎಣಿಕೆ ಮುಗಿದ ಮೇಲೆ ಕಂಡುಬಂದ ಜೀನ್‌ಗಳಿಗೆ 3-30-3, 7-4-1, 1-69ಡಿ ಎಂಬಂಥ ಬಾಲ ಸೇರಿದೆ. ಬಾಲ ಇರುವ ಹೆಸರು ಕಂಡರೆ ಅಲ್ಲಿ ಎಲ್ಲರಲ್ಲೂ ಇಲ್ಲದ ತುಂಡು ಇರಬಹುದು ಎಂದು ಎಚ್ಚರವಾಗುವುದು ಒಳ್ಳೆಯದು. 1-8 ಮತ್ತು 3-9 ಜೋಡಿ ಇರುವ ಕ್ರೋಮೋಸೋಮಿನಲ್ಲಿ 3-64ಡಿ ಮತ್ತು 5-10-1 ಜೋಡಿ ಇರುವುದಿಲ್ಲ, ಅದು ಇದ್ದರೆ ಇದಿಲ್ಲ. ಆದ್ದರಿಂದ ಒಂದೇ ಹ್ಯಾಪ್ಲೋಟೈಪಿನ ಯಾವ ರೆಫರೆನ್ಸ್ ತೆಗೆದುಕೊಂಡರೂ ಒಂದು ಜೋಡಿಯ ರೀಡ್‌ಗಳಿಗೆ ಕೂರಲು ಜಾಗವಿರದೆ ಅವು ನೆಂಟರ ಮನೆಗೆ ಹೋಗಿ ಕೂರುತ್ತವೆ. 15 ಮತ್ತು 16ನೇ ಕ್ರೋಮೋಸೋಮಿನ ಆರ್ಫನ್ ವಿ ಜೀನ್‌ಗಳೂ (ಲೋಕಸ್ ಬಿಟ್ಟು ಬೇರೆಡೆ ಕೂತ ಪ್ರತಿಗಳು) ಹೀಗೇ ಕಾಡುತ್ತವೆ.

ಡಿಎನ್‌ಎ ಕಡೆಯ ಕೆಲಸದಲ್ಲಿ ನಾನು ಶಾರ್ಟ್ ರೀಡ್ ಬಿಟ್ಟೇಬಿಟ್ಟೆ. 3-30, 3-30-3, 3-30-5, 3-33 ಇಷ್ಟೂ ಅವಳಿಗಳಂತಿವೆ, ಎಷ್ಟು ಪ್ರತಿ ಇವೆ ಎಂಬುದೂ ಜನರಿಂದ ಜನರಿಗೆ ಬೇರೆ. ಈಗ ಬಳಸುವುದು ಪ್ಯಾಕ್‌ಬಯೋ ಹೈಫೈ (ಉದ್ದ ತುಂಡುಗಳನ್ನು ನಿಖರವಾಗಿ ಓದುವ ವಿಧಾನ), 15 ಸಾವಿರ ಬೇಸಿನ ತುಂಡು, 30 ಪಟ್ಟು ಡೆಪ್ತ್. ಅಂದರೆ ಒಂದೊಂದು ಹ್ಯಾಪ್ಲೋಟೈಪಿಗೆ 15. ಡಿಎನ್‌ಎ ತೆಗೆಯುವಾಗ ವೋರ್ಟೆಕ್ಸ್ ಮುಟ್ಟಬೇಡಿ, ಅಗಲ ಬಾಯಿಯ ಟಿಪ್ ಬಳಸಿ, ಎಲ್ಯೂಷನ್ ಆದ ಮೇಲೆ ರಾತ್ರಿಯಿಡೀ ಕೋಣೆಯ ತಾಪಮಾನದಲ್ಲಿ ಕರಗಲು ಬಿಡಿ. ಹೈಫಿಯಾಸಂ ಎಂಬ ಸಾಫ್ಟ್‌ವೇರ್ ಹಾಕಿ ಅಸೆಂಬಲ್ ಮಾಡಿದ (ರೀಡ್‌ಗಳನ್ನು ಸೇರಿಸಿ ಉದ್ದ ಸಾಲು ಕಟ್ಟಿದ) ಮೇಲೆ ರೀಡ್‌ಗಳನ್ನು ಆ ಅಸೆಂಬ್ಲಿಯ ಮೇಲೇ ಮತ್ತೆ ಕೂರಿಸಿ ನೋಡುತ್ತೇನೆ. ಒಂದು ಕಡೆ ಡೆಪ್ತ್ ಇಮ್ಮಡಿಯಾಗಿದ್ದರೆ ಎರಡು ಪ್ರತಿಗಳು ಒಂದರ ಮೇಲೊಂದು ಕುಸಿದಿವೆ ಎಂದರ್ಥ. 1-69 ಸುತ್ತ ಇದನ್ನು ನೋಡದೆ ಮುಂದೆ ಹೋಗುವುದಿಲ್ಲ.

ಜೋಡಣೆಯಾದ ಪ್ರತಿಕಾಯಗಳನ್ನು ಓದುವ ಆರ್‌ಎನ್‌ಎ ಕಡೆ 50 ಲಕ್ಷ ಪಿಬಿಎಂಸಿ ಸಾಕು. ಅದರಿಂದ ಬಂದ ಆರ್‌ಎನ್‌ಎಯಲ್ಲಿ 500 ನ್ಯಾನೋಗ್ರಾಂ ಹಾಕಿ 5 ಪ್ರೈಮ್ ರೇಸ್ (ವಿ ಕಡೆ ಪ್ರೈಮರ್ ಇಲ್ಲದೆ ಆರ್‌ಎನ್‌ಎಯ ಮೊದಲ ತುದಿವರೆಗೆ ನಕಲು ಮಾಡುವ ವಿಧಾನ) ಮಾಡುತ್ತೇನೆ. ಪ್ರೈಮರ್ (ನಕಲು ಶುರುಮಾಡಲು ಕೂರಿಸುವ ಚಿಕ್ಕ ತುಂಡು) ಐಜಿಎಂ ಕೊಡುವ ಮ್ಯೂ ಜೀನಿನ ಮೊದಲ ಭಾಗ ಸಿಎಚ್1ರಲ್ಲಿ ಮಾತ್ರ. ಹುಟ್ಟಿನ ಅಲೀಲ್ ತಿಳಿಯಬೇಕಾದರೆ ಮ್ಯುಟೇಷನ್ ಕಡಿಮೆ ಇರುವ ಐಜಿಎಂ ಬೇಕು, ಐಜಿಜಿ ಸೇರಿಸಿದರೆ ಗೊಂದಲ. ವಿ ಜೀನಿನ ಶುರುವಿನ ಎಫ್‌ಆರ್1 ಭಾಗದಲ್ಲಿ ಕೂರುವ ಮಲ್ಟಿಪ್ಲೆಕ್ಸ್ ಪ್ರೈಮರ್ ಈ ಕೆಲಸಕ್ಕೆ ಬೇಡ. ಪ್ರೈಮರ್ ಕೂತಲ್ಲಿನ ಸುಮಾರು 20 ಅಕ್ಷರ ರೋಗಿಯದಲ್ಲ, ಪ್ರೈಮರ್ ಮಾಡಿಕೊಟ್ಟ ಕಂಪನಿಯದು. 12 ಅಕ್ಷರದ ಯುಎಂಐ (ಒಂದೊಂದು ಆರ್‌ಎನ್‌ಎ ಅಣುವಿನ ನಕಲಿಗೂ ಹಚ್ಚುವ ಗುರುತು) ಇಟ್ಟರೆ 1.68 ಕೋಟಿ ಗುರುತು ಸಿಗುತ್ತವೆ. ಒಂದೇ ಯುಎಂಐಗೆ ಕನಿಷ್ಠ 3 ರೀಡ್ ಇಲ್ಲದಿದ್ದರೆ ಬಿಟ್ಟುಬಿಡುತ್ತೇನೆ.

ಹೆಚ್ಚು ಪೆಟ್ಟು ಕೊಡುವುದು ಪಿಸಿಆರ್ ಕೈಮೆರಾ. ವಿ ಜೀನ್‌ಗಳು ಒಂದನ್ನೊಂದು ಹೋಲುವುದರಿಂದ ಅರ್ಧಕ್ಕೆ ನಿಂತ ಎಳೆ ಮುಂದಿನ ಸೈಕಲ್‌ನಲ್ಲಿ ಬೇರೆ ಜೀನ್ ಮೇಲೆ ಹೋಗಿ ಕೂರುತ್ತದೆ. ಮುಂಭಾಗ 3-30, ಹಿಂಭಾಗ 3-33 ಆದ ಸೀಕ್ವೆನ್ಸ್ ಹುಟ್ಟುತ್ತದೆ, ಅದು ಹೊಸ ಅಲೀಲ್ ವೇಷದಲ್ಲಿ ಬರುತ್ತದೆ. ಸೈಕಲ್ ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು, ಎಕ್ಸ್‌ಟೆನ್ಷನ್‌ಗೆ ಧಾರಾಳವಾಗಿ ಒಂದು ನಿಮಿಷ ಕೊಡಿ. 'ಹೊಸ' ಅಲೀಲಿನ ಬದಲಾವಣೆಗಳೆಲ್ಲ ಒಂದೇ ಅರ್ಧದಲ್ಲಿದ್ದು, ಪ್ರತಿಯೊಂದೂ ಅದೇ ವ್ಯಕ್ತಿಯ ಇನ್ನೊಂದು ವಿ ಜೀನಿಗೆ ಹೊಂದಿದರೆ ಅದು ಕೈಮೆರಾ. ನಿಜವಾದ ಹೊಸ ಅಲೀಲ್ ಹಲವು ಜೆ ಜೊತೆ, ಹಲವು ಉದ್ದದ ಸಿಡಿಆರ್3 (ವಿ, ಡಿ, ಜೆ ಕೂಡುವ ಭಾಗ) ಜೊತೆ ಕಾಣಬೇಕು. ಒಂದೇ ಸಿಡಿಆರ್3 ಜೊತೆ ಸಾವಿರ ಸಲ ಕಂಡರೂ ಅದು ಒಂದೇ ಕ್ಲೋನ್ (ಒಂದೇ ಬಿ ಕೋಶದ ಸಂತತಿ), ಒಂದೇ ಸಾಕ್ಷಿ. ಐಎಂಜಿಟಿ (ಪ್ರತಿಕಾಯ ಜೀನ್‌ಗಳ ದತ್ತಸಂಚಯ) ಎಣಿಕೆಯ 312ನೇ ಅಕ್ಷರದಿಂದಾಚೆ ಆರ್‌ಎನ್‌ಎ ಮಾತನ್ನು ನಾನು ಒಪ್ಪುವುದಿಲ್ಲ. ಜೋಡಣೆಯ ಹೊತ್ತಿಗೆ ವಿ ಜೀನಿನ ತುದಿ ತಿಂದುಹೋಗಿ ಅಲ್ಲಿ ಬೇರೆ ಅಕ್ಷರ ತುಂಬಿರುತ್ತದೆ.

ಡಿಎನ್‌ಎ, ಆರ್‌ಎನ್‌ಎ ಎರಡು ಓದುಗಳನ್ನು ಕಟ್ಟುವ ಗಂಟು ಜೆ6. ಇದರ 02 ಅಲೀಲಿನಲ್ಲಿ ಐದು ಟಿಎಸಿ ಆದ ಮೇಲೆ ಜಿಜಿಟಿ ಎಟಿಜಿ ಬರುತ್ತದೆ, 03ರಲ್ಲಿ ಜಿಜಿಟಿಯ ಜಾಗದಲ್ಲಿ ಆರನೇ ಟಿಎಸಿ. ಪ್ರೋಟೀನಿನಲ್ಲಿ ಗ್ಲೈಸಿನ್ ಇದ್ದಲ್ಲಿ ಟೈರೋಸಿನ್. ಇನ್ನೂ ಮುಂದೆ ಟ್ರಿಪ್ಟೊಫಾನ್-ಗ್ಲೈಸಿನ್ ಆದ ಮೇಲೆ 02ರಲ್ಲಿ ಸಿಎಎ, 03ರಲ್ಲಿ ಎಎಎ. ಮೊದಲ ಗುರುತು ಅಂಚು ತಿಂದುಹೋಗಿ ಅಳಿದಿದ್ದರೂ ಎರಡನೆಯದು ಉಳಿದಿರುತ್ತದೆ, ಅದಕ್ಕೇ ನಾನು ಅದನ್ನು ಮೊದಲು ನೋಡುತ್ತೇನೆ. ವ್ಯಕ್ತಿಯಲ್ಲಿ 02, 03 ಎರಡೂ ಇದ್ದರೆ ಅದೃಷ್ಟ. ವಿ-ಡಿ-ಜೆ ಜೋಡಣೆ ಸಾಮಾನ್ಯವಾಗಿ ಒಂದೇ ಕ್ರೋಮೋಸೋಮಿನೊಳಗೆ ಆಗುವುದರಿಂದ, 02 ಜೊತೆ ಬಂದ ವಿ ಅಲೀಲ್‌ಗಳೆಲ್ಲ ಒಂದು ಕ್ರೋಮೋಸೋಮಿನವು, 03 ಜೊತೆ ಬಂದವು ಇನ್ನೊಂದರವು. ಒಂದು ವಿ ಅಲೀಲ್ 02 ಜೊತೆ 200 ಕ್ಲೋನ್‌ಗಳಲ್ಲಿ, 03 ಜೊತೆ ಎರಡರಲ್ಲಿ ಕಂಡಿತು ಎಂದಿಟ್ಟುಕೊಳ್ಳಿ. ಆ ಎರಡನ್ನು ತಪ್ಪು ರೀಡ್ ಎಂದು ತೆಗೆದುಹಾಕಬಹುದು. ಜೆ6 ಒಂದೇ ಬಗೆಯದಾದರೆ ಡಿ2-21 ಅಥವಾ ಡಿ2-8ರ 01, 02 ಅಲೀಲ್‌ಗಳನ್ನು ಹಿಡಿದು ಪ್ರಯತ್ನಿಸುತ್ತೇನೆ, ಆದರೆ ಬಳಸಲು ಸಿಗುವ ರೀಡ್ ಬಹಳ ಕಡಿಮೆಯಾಗುತ್ತವೆ.

ಡಿ ಹೆಸರಿಸುವಾಗ ಜಿಪುಣತನ ಬೇಕು. ಸತತ 9 ಅಕ್ಷರ ಹೊಂದದಿದ್ದರೆ ಹೆಸರು ಬರೆಯುವುದಿಲ್ಲ. ಡಿ7-27 ಮೂಲದಲ್ಲೇ 11 ಅಕ್ಷರ, ಅದಕ್ಕೆ ಇದರಿಂದ ಅನ್ಯಾಯವಾಗುತ್ತದೆ, ಗೊತ್ತಿದ್ದೇ ಮಾಡುತ್ತೇನೆ. ಡಿ4-4 ಮತ್ತು ಡಿ4-11 ಅಕ್ಷರಶಃ ಒಂದೇ, ಡಿ5-5 ಮತ್ತು ಡಿ5-18 ಕೂಡ. ಸಾಫ್ಟ್‌ವೇರ್ ಒಂದನ್ನು ಆರಿಸಿ ಕೊಟ್ಟರೆ ನಂಬಬೇಡಿ, ಎರಡೂ ಹೆಸರು ಬರೆಯಿರಿ. ಡಿ3-3ರಿಂದ ಡಿ2-8ವರೆಗಿನ ಆರು ಜೀನ್ ಕೆಲವರ ಒಂದು ಕ್ರೋಮೋಸೋಮಿನಲ್ಲಿ ಒಟ್ಟಿಗೇ ಇರುವುದಿಲ್ಲ. ಜೆ6 ಒಂದು ಅಲೀಲಿನ ಪಕ್ಕದಲ್ಲಿ ಡಿ3-3 ಧಾರಾಳವಾಗಿ ಇದ್ದು ಇನ್ನೊಂದರ ಪಕ್ಕದಲ್ಲಿ ಶೂನ್ಯವಾದರೆ ಇದನ್ನೇ ಅನುಮಾನಿಸಬೇಕು.

ಕೊನೆಗೆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡುತ್ತೇನೆ. ಆರ್‌ಎನ್‌ಎಯಲ್ಲಿ ಇದ್ದು ಡಿಎನ್‌ಎಯಲ್ಲಿ ಇಲ್ಲದ ಅಲೀಲ್ ಬಹುಶಃ ಕೈಮೆರಾ, ಇಲ್ಲವೇ ಅಸೆಂಬ್ಲಿಯಲ್ಲಿ ಕುಸಿದ ಪ್ರತಿ. ಮತ್ತೆ 1-69 ಮತ್ತು 3-30ರ ಡೆಪ್ತ್ ನೋಡಬೇಕು. ಡಿಎನ್‌ಎಯಲ್ಲಿ ಸರಿಯಾಗಿಯೇ ಕಾಣುವ ಜೀನ್ ಆರ್‌ಎನ್‌ಎಯಲ್ಲಿ ಕಾಣದಿದ್ದರೆ ಕೋಡಿಂಗ್ ಭಾಗ ಬಿಟ್ಟು ಅದು ಮುಗಿದ ಮೇಲೆ ಬರುವ ಜೋಡಣೆಯ ಸಂಕೇತ ನೋಡಿ. ಏಳು ಅಕ್ಷರದ ಸಿ-ಎ-ಸಿ-ಎ-ಜಿ-ಟಿ-ಜಿ, 23 ಅಕ್ಷರದ ಅಂತರ, ಒಂಬತ್ತು ಅಕ್ಷರದ ಎ-ಸಿ-ಎ-ಎ-ಎ-ಎ-ಎ-ಸಿ-ಸಿ. ಡಿಯ ಎರಡೂ ಪಕ್ಕದಲ್ಲಿ ಅಂತರ 12, ಜೆ ಮುಂದೆ 23. ಕತ್ತರಿಸುವ ಕಿಣ್ವ 12ನ್ನು 23ಕ್ಕೆ ಮಾತ್ರ ಜೋಡಿಸುವುದರಿಂದಲೇ ವಿ ನೇರವಾಗಿ ಜೆಗೆ ಹೋಗಿ ಅಂಟುವುದಿಲ್ಲ. ಆ ಏಳರಲ್ಲಿ ಮೊದಲ ಮೂರು ಅಕ್ಷರಗಳಲ್ಲಿ ಒಂದು ಕೆಟ್ಟಿದ್ದರೂ ಜೀನ್ ಎಷ್ಟು ಚೆನ್ನಾಗಿದ್ದರೇನು, ಜೋಡಣೆಗೆ ಅದು ಸಿಗುವುದೇ ಕಷ್ಟ.